ತರಕಾರಿಗಳಲ್ಲಿ ಭಾರ ಲೋಹಗಳ ಮಾಲಿನ್ಯ: ಕೆ.ಜಿ.ಎಫ್. ಮತ್ತು ಬಂಗಾರಪೇಟೆ ಪ್ರದೇಶ

ತರಕಾರಿಗಳಲ್ಲಿ ಭಾರ ಲೋಹಗಳ ಮಾಲಿನ್ಯ ಎಂದರೆ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ, ಕ್ರೋಮಿಯಂ ಮುಂತಾದ ಧಾತುಗಳು ಮಣ್ಣು, ನೀರು ಅಥವಾ ಗಾಳಿಯ ಮೂಲಕ ತರಕಾರಿ ಬೆಳೆಗಳನ್ನು ಸೇರಿ, ಸುರಕ್ಷಿತ ಮಿತಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಅವುಗಳಲ್ಲಿ ಉಳಿಯುವುದು. ಕರ್ನಾಟಕದ ಕೋಲಾರ ಜಿಲ್ಲೆಗೆ ಸೇರಿದ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ (ಕೆ.ಜಿ.ಎಫ್.) ಹಾಗೂ ಅದರ ನೆರೆಯ ಬಂಗಾರಪೇಟೆಯಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಸುಮಾರು ನೂರಿಪ್ಪತ್ತು ವರ್ಷಗಳ ಗಣಿಗಾರಿಕೆ ಬಿಟ್ಟುಹೋದ ಅದಿರು ತ್ಯಾಜ್ಯದ ದಿಬ್ಬಗಳು ಒಂದು ಕಡೆ ಇವೆ. ಬೆಂಗಳೂರಿನಿಂದ ಹರಿದುಬರುವ ಸಂಸ್ಕರಿತ ಕೊಳಚೆ ನೀರು ಜಿಲ್ಲೆಯ ಕೆರೆಗಳನ್ನು ತುಂಬುತ್ತಿರುವುದು ಇನ್ನೊಂದು ಕಡೆ. ಇವೆರಡರ ನಡುವೆ ಇರುವುದು ರಾಜ್ಯದ ಪ್ರಮುಖ ತರಕಾರಿ ಬೆಳೆಯುವ ಸೀಮೆಗಳಲ್ಲಿ ಒಂದು.

ಲೋಹದ ಅಂಶವಿರುವ ಸೊಪ್ಪಿಗೂ ಇಲ್ಲದ ಸೊಪ್ಪಿಗೂ ಬಣ್ಣದಲ್ಲಾಗಲಿ, ವಾಸನೆಯಲ್ಲಾಗಲಿ, ರುಚಿಯಲ್ಲಾಗಲಿ ವ್ಯತ್ಯಾಸ ತಿಳಿಯುವುದಿಲ್ಲ. ಕೊಳೆತ ಕಾಯಿಯನ್ನು ಕೊಳ್ಳುವವರು ಗುರುತಿಸಿ ಪಕ್ಕಕ್ಕಿಡಬಲ್ಲರು. ಸೀಸವನ್ನು ಹಾಗೆ ಗುರುತಿಸಲಾಗದು. ಆದ್ದರಿಂದ ಈ ಮಾಲಿನ್ಯದ ಪ್ರಶ್ನೆ ತೀರ್ಮಾನವಾಗುವುದು ಮಾರುಕಟ್ಟೆಯ ತಕ್ಕಡಿಯ ಮುಂದೆ ಅಲ್ಲ, ಬೆಳೆ ಬೆಳೆದ ಹೊಲದ ಮಣ್ಣು ಮತ್ತು ನೀರಿನಲ್ಲಿ.

ಭಾರ ಲೋಹಗಳು

ಸಾಂದ್ರತೆ ಹೆಚ್ಚಿರುವ ಲೋಹಗಳನ್ನು ಸಾಮಾನ್ಯವಾಗಿ ಭಾರ ಲೋಹಗಳು ಎಂದು ಕರೆಯುತ್ತಾರೆ. ನೀರಿಗಿಂತ ಸುಮಾರು ಐದು ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಸಾಂದ್ರತೆಯುಳ್ಳವು ಎಂಬುದು ರೂಢಿಯಲ್ಲಿರುವ ವಿವರಣೆ. ಆರ್ಸೆನಿಕ್ ರಾಸಾಯನಿಕವಾಗಿ ಪೂರ್ಣ ಲೋಹವಲ್ಲ, ಅರೆಲೋಹ. ಆದರೂ ಅದರ ವಿಷಗುಣದ ಕಾರಣ ಅದನ್ನು ಇದೇ ಗುಂಪಿನಲ್ಲಿ ಚರ್ಚಿಸಲಾಗುತ್ತದೆ.

ಈ ಧಾತುಗಳಲ್ಲಿ ಎರಡು ಬಗೆಗಳಿವೆ. ಕಬ್ಬಿಣ, ಸತು, ತಾಮ್ರ, ಮ್ಯಾಂಗನೀಸ್ ಇವು ಸಸ್ಯಗಳಿಗೂ ಮನುಷ್ಯರಿಗೂ ಅಲ್ಪ ಪ್ರಮಾಣದಲ್ಲಿ ಬೇಕಾದವು. ಮಿತಿ ಮೀರಿದಾಗ ಮಾತ್ರ ಹಾನಿಕರ. ಸೀಸ, ಕ್ಯಾಡ್ಮಿಯಂ, ಪಾದರಸ ಮತ್ತು ಆರ್ಸೆನಿಕ್‌ಗಳಿಂದ ಮನುಷ್ಯ ದೇಹಕ್ಕೆ ತಿಳಿದಿರುವ ಯಾವ ಉಪಯೋಗವೂ ಇಲ್ಲ. ಆದುದರಿಂದ ‘ತರಕಾರಿಯಲ್ಲಿ ಭಾರ ಲೋಹ ಪತ್ತೆ’ ಎಂಬ ಸುದ್ದಿಯನ್ನು ಓದುವಾಗ ಯಾವ ಲೋಹ, ಎಷ್ಟು ಪ್ರಮಾಣ ಎಂಬೆರಡನ್ನೂ ನೋಡಬೇಕಾಗುತ್ತದೆ.

ಕೀಟನಾಶಕದಂತಹ ಸಾವಯವ ರಾಸಾಯನಿಕಗಳು ಬಿಸಿಲು, ನೀರು ಮತ್ತು ಸೂಕ್ಷ್ಮಜೀವಿಗಳಿಂದ ನಿಧಾನವಾಗಿಯಾದರೂ ಒಡೆದು ಹೋಗುತ್ತವೆ. ಲೋಹಗಳು ಧಾತುಗಳಾದ್ದರಿಂದ ಒಡೆಯುವುದಿಲ್ಲ. ಅವು ಒಂದು ರೂಪದಿಂದ ಇನ್ನೊಂದು ರೂಪಕ್ಕೆ, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗಬಲ್ಲವೇ ಹೊರತು ಇಲ್ಲವಾಗುವುದಿಲ್ಲ.

ಪ್ರದೇಶದ ಹಿನ್ನೆಲೆ

ಕೆ.ಜಿ.ಎಫ್. ಹಿಂದೆ ಬಂಗಾರಪೇಟೆ ತಾಲ್ಲೂಕಿನ ಭಾಗವಾಗಿತ್ತು. ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಬ್ರಿಟಿಷರ ಕಾಲದಲ್ಲಿ ಬೌರಿಂಗ್‌ಪೇಟೆ ಎಂದು ಕರೆಯಲಾಗುತ್ತಿದ್ದ ಬಂಗಾರಪೇಟೆ ಒಂದು ರೈಲ್ವೆ ಜಂಕ್ಷನ್. ಇಲ್ಲಿಂದ ಕವಲೊಡೆಯುವ ಮಾರ್ಗ ಕೋರಮಂಡಲ, ಉರಿಗಾಂ, ಚಾಂಪಿಯನ್ ರೀಫ್‌ಗಳನ್ನು ದಾಟಿ ಮಾರಿಕುಪ್ಪಂ ತಲುಪುತ್ತದೆ.

೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿ ಆಧುನಿಕ ಗಣಿಗಾರಿಕೆಯ ಆಡಳಿತ ವಹಿಸಿಕೊಂಡಿತು. ೧೯೦೨ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಗಣಿಗಳಿಗೆ ಬಂದಿತು. ೧೯೫೬ರಲ್ಲಿ ಮೈಸೂರು ರಾಜ್ಯ ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. ಮುಂದೆ ಅವು ಕೇಂದ್ರ ಸರ್ಕಾರದ ವಶಕ್ಕೆ ಬಂದು, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿ.ಜಿ.ಎಂ.ಎಲ್.) ಕಂಪನಿ ರೂಪುಗೊಂಡಿತು. ಸುಮಾರು ೩.೨ ಕಿಲೋಮೀಟರ್ ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಗಣಿ ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತ್ತು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು. ಅಷ್ಟರಲ್ಲಿ ಅವು ೮೦೦ ಟನ್‌ಗೂ ಹೆಚ್ಚು ಚಿನ್ನವನ್ನು ನೀಡಿದ್ದವು.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬೇತಮಂಗಲದ ಕಡೆ ಪಾಲಾರ್, ಬೂದಿಕೋಟೆಯ ಕಡೆ ಮಾರ್ಕಂಡೇಯ ನದಿ ಮಳೆಗಾಲದಲ್ಲಿ ಹರಿಯುತ್ತವೆ. ಉಳಿದಂತೆ ಜಿಲ್ಲೆಯ ಬೇಸಾಯ ಕೆರೆ ಮತ್ತು ಕೊಳವೆಬಾವಿಗಳನ್ನೇ ನಂಬಿದೆ. ಅಂತರ್ಜಲ ಕುಸಿದು ಅನೇಕ ಕಡೆ ಕೊಳವೆಬಾವಿಗಳು ಸಾವಿರ ಅಡಿಗಿಂತ ಆಳಕ್ಕೆ ಇಳಿದಿವೆ. ಈ ಕೊರತೆಯ ನಡುವೆಯೂ ಇಲ್ಲಿನ ರೈತರು ಟೊಮೆಟೊ, ಹುರುಳಿಕಾಯಿ, ಎಲೆಕೋಸು, ದಪ್ಪ ಮೆಣಸಿನಕಾಯಿ, ಕ್ಯಾರೆಟ್, ಮೂಲಂಗಿ, ಕೊತ್ತಂಬರಿ ಹಾಗೂ ಬಗೆಬಗೆಯ ಸೊಪ್ಪುಗಳನ್ನು ಬೆಳೆಯುತ್ತಾರೆ. ಇವು ರಾಬರ್ಟ್‌ಸನ್‌ಪೇಟೆಯ ಎಂ.ಜಿ. ಮಾರುಕಟ್ಟೆ, ಆಂಡರ್ಸನ್‌ಪೇಟೆ, ಬಂಗಾರಪೇಟೆಗಳಲ್ಲಿ ಮಾರಾಟವಾಗುವುದಲ್ಲದೆ ಬೆಂಗಳೂರು, ಚೆನ್ನೈಗಳಿಗೂ ಹೋಗುತ್ತವೆ. ನೀರಿನ ಬರವೇ ರೈತರನ್ನು ಸಿಕ್ಕಿದ ನೀರನ್ನು ಬಳಸುವ ಸ್ಥಿತಿಗೆ ತಂದಿದೆ ಎಂಬುದನ್ನು ಮಾಲಿನ್ಯದ ಚರ್ಚೆಯಲ್ಲಿ ಮರೆಯುವಂತಿಲ್ಲ.

ಸೈನೈಡ್ ಗುಡ್ಡಗಳು

ಗಣಿಯ ಕೊನೆಯ ದಶಕಗಳಲ್ಲಿ ಒಂದು ಟನ್ ಅದಿರಿನಿಂದ ಸಿಗುತ್ತಿದ್ದುದು ಕೆಲವೇ ಗ್ರಾಂ ಚಿನ್ನ. ಅಂದರೆ ನೆಲದಿಂದ ಮೇಲೆ ತಂದ ಕಲ್ಲಿನ ಬಹುಪಾಲು ಪುಡಿಯಾಗಿ ನೆಲದ ಮೇಲೆಯೇ ಉಳಿಯಿತು. ಅದಿರನ್ನು ಹಿಟ್ಟಿನಂತೆ ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ಬೇರ್ಪಡಿಸುವ ವಿಧಾನವನ್ನು ೧೮೮೭ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ರೂಪಿಸಿದರು. ಮುಂದೆ ಕೆ.ಜಿ.ಎಫ್.ನಲ್ಲಿಯೂ ಇದು ಬಳಕೆಗೆ ಬಂದಿತು. ಚಿನ್ನ ತೆಗೆದ ನಂತರ ಉಳಿದ ನುಣುಪಾದ ಹೂಳನ್ನು ಬಯಲಿನಲ್ಲಿ ಸುರಿಯುತ್ತ ಬಂದುದರಿಂದ ಬೂದು-ಹಳದಿ ಬಣ್ಣದ ದಿಬ್ಬಗಳು ಎದ್ದವು. ಜನರು ಇವನ್ನು ‘ಸೈನೈಡ್ ಗುಡ್ಡ’ ಎನ್ನುತ್ತಾರೆ.

ಇಂತಹ ೧೩ ದಿಬ್ಬಗಳು ಸುಮಾರು ಒಂದು ಸಾವಿರ ಎಕರೆಯಲ್ಲಿ ಹರಡಿವೆ. ಅವುಗಳಲ್ಲಿರುವ ತ್ಯಾಜ್ಯ ಸುಮಾರು ೩.೩ ಕೋಟಿ ಟನ್ ಎಂದೂ, ಅದರಲ್ಲಿ ಇನ್ನೂ ೨೩ ಟನ್‌ನಷ್ಟು ಚಿನ್ನ ಇರಬಹುದೆಂದೂ ಅಂದಾಜಿಸಲಾಗಿದೆ. ೨೦೨೪ರ ಜೂನ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ಈ ದಿಬ್ಬಗಳನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು.

ಹೆಸರಿನ ಕಾರಣದಿಂದ ಜನರ ಭಯ ಸೈನೈಡ್‌ನ ಸುತ್ತಲೇ ನಿಂತಿದೆ. ಸೈನೈಡ್ ತೀಕ್ಷ್ಣ ವಿಷವೆಂಬುದು ನಿಜ. ಆದರೆ ದಿಬ್ಬದ ಮೇಲ್ಪದರದಲ್ಲಿರುವ ಸ್ವತಂತ್ರ ಸೈನೈಡ್ ಬಿಸಿಲಿನ ನೇರಳಾತೀತ ಕಿರಣ, ಗಾಳಿ ಮತ್ತು ಸೂಕ್ಷ್ಮಜೀವಿಗಳ ಪ್ರಭಾವದಿಂದ ಕಾಲಕ್ರಮದಲ್ಲಿ ವಿಭಜನೆಯಾಗುತ್ತದೆ. ವಿಭಜನೆಯಾಗದೆ ಉಳಿಯುವುದು ಅದಿರಿನೊಂದಿಗೆ ಮೇಲೆ ಬಂದ ಲೋಹಗಳು. ಕೋಲಾರದ ಚಿನ್ನದ ಪಟ್ಟಿಗಳಲ್ಲಿ ಬೆಣಚುಕಲ್ಲಿನ ಜೊತೆಗೆ ಪೈರೈಟ್, ಪಿರೊಟೈಟ್, ಆರ್ಸೆನೋಪೈರೈಟ್ ಎಂಬ ಗಂಧಕಯುಕ್ತ ಖನಿಜಗಳೂ, ಅಲ್ಪ ಪ್ರಮಾಣದಲ್ಲಿ ಸೀಸದ ಅದಿರಾದ ಗೆಲೀನಾ, ಸತುವಿನ ಅದಿರಾದ ಸ್ಫಾಲರೈಟ್‌ಗಳೂ ಇವೆ. ಚಾಂಪಿಯನ್ ಪಟ್ಟಿಯಲ್ಲಿ ಇಂತಹ ಖನಿಜಗಳು ಕಡಿಮೆ. ಪಶ್ಚಿಮದ ಪಟ್ಟಿಗಳಲ್ಲಿ ಹೆಚ್ಚು. ಆರ್ಸೆನೋಪೈರೈಟ್ ಎಂಬುದು ಕಬ್ಬಿಣ, ಆರ್ಸೆನಿಕ್ ಮತ್ತು ಗಂಧಕಗಳ ಸಂಯುಕ್ತ.

ಸಾವಿರಾರು ಅಡಿ ಆಳದಲ್ಲಿ ಗಾಳಿಯ ಸಂಪರ್ಕವಿಲ್ಲದೆ ಇದ್ದಾಗ ಈ ಖನಿಜಗಳು ನಿಶ್ಚಲವಾಗಿದ್ದವು. ನುಣ್ಣಗೆ ಅರೆದು ಹೊರಗೆ ಹರಡಿದಾಗ ಆಮ್ಲಜನಕ ಮತ್ತು ಮಳೆನೀರು ತಗುಲಿ ಗಂಧಕದ ಭಾಗ ಆಮ್ಲವಾಗಿ ಪರಿವರ್ತನೆಗೊಳ್ಳುತ್ತದೆ. ಆಮ್ಲೀಯ ನೀರಿನಲ್ಲಿ ಬಹುತೇಕ ಲೋಹಗಳು ಸುಲಭವಾಗಿ ಕರಗುತ್ತವೆ. ಹೀಗೆ ಕಲ್ಲಿನಲ್ಲಿ ಬಂಧಿಯಾಗಿದ್ದ ಲೋಹಕ್ಕೆ ಚಲಿಸುವ ಶಕ್ತಿ ಬರುತ್ತದೆ.

ತರಕಾರಿಯನ್ನು ಲೋಹ ಸೇರುವ ದಾರಿಗಳು

ಗಾಳಿ: ದಿಬ್ಬಗಳ ಹೂಳು ಬಹಳ ನುಣುಪಾಗಿರುವುದರಿಂದ ಬೇಸಿಗೆಯಲ್ಲಿ ಹಾಗೂ ಮುಂಗಾರು ಗಾಳಿಯ ಆರಂಭದಲ್ಲಿ ದೂಳಾಗಿ ಏಳುತ್ತದೆ. ಈ ದೂಳು ಮನೆಗಳ ಮೇಲೆ, ನೀರಿನ ತೊಟ್ಟಿಗಳ ಮೇಲೆ ಕೂರುವಂತೆಯೇ ಸೊಪ್ಪಿನ ಎಲೆಗಳ ಮೇಲೆಯೂ ಕೂರುತ್ತದೆ. ಅಗಲವಾದ, ಸುಕ್ಕುಗಟ್ಟಿದ ಅಥವಾ ರೋಮವಿರುವ ಎಲೆಗಳು ದೂಳನ್ನು ಹೆಚ್ಚಾಗಿ ಹಿಡಿಯುತ್ತವೆ.

ಮಳೆನೀರು: ದಿಬ್ಬಗಳ ಇಳಿಜಾರಿನಲ್ಲಿ ಮಳೆನೀರು ಕೊರಕಲುಗಳನ್ನು ಕೊರೆದು ಹೂಳನ್ನು ತಗ್ಗಿಗೆ ಸಾಗಿಸುತ್ತದೆ. ರಾಜಕಾಲುವೆ ಮತ್ತು ಹಳ್ಳಗಳ ಮೂಲಕ ಅದು ಕೆಳಗಿನ ಹೊಲ, ಕುಂಟೆ, ಕೆರೆಗಳನ್ನು ಸೇರಬಹುದು. ದಿಬ್ಬಕ್ಕೆ ಹತ್ತಿರವಿದ್ದರೂ ಎತ್ತರದಲ್ಲಿರುವ ಹೊಲಕ್ಕಿಂತ, ದೂರವಿದ್ದರೂ ನೀರು ಹರಿಯುವ ದಾರಿಯಲ್ಲಿರುವ ಹೊಲಕ್ಕೆ ಅಪಾಯ ಹೆಚ್ಚು.

ಕೆರೆಯ ನೀರು: ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯು (ಕೆ.ಸಿ. ವ್ಯಾಲಿ) ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತದೆ. ದಿನಕ್ಕೆ ೪೪ ಕೋಟಿ ಲೀಟರ್ ಹರಿಸುವಂತೆ ಯೋಜಿಸಲಾದ ಇದರ ನೀರು ೨೦೧೮ರ ಜೂನ್‌ನಲ್ಲಿ ಮೊದಲಿಗೆ ಲಕ್ಷ್ಮೀಸಾಗರ ಕೆರೆಯನ್ನು ತಲುಪಿತು. ಮರುತಿಂಗಳೇ ನೊರೆ ಕಾಣಿಸಿಕೊಂಡು ವಿಷಯ ಕರ್ನಾಟಕ ಹೈಕೋರ್ಟಿಗೂ, ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು. ನೀರಿನ ಮೂರನೆಯ ಹಂತದ ಸಂಸ್ಕರಣೆಗೆ ಹೋರಾಟಗಾರರು ಒತ್ತಾಯಿಸುತ್ತ ಬಂದಿದ್ದಾರೆ. ಯೋಜನೆಯ ಉದ್ದೇಶ ಅಂತರ್ಜಲ ಮರುಪೂರಣ; ಕೆರೆಯಿಂದ ನೇರವಾಗಿ ಪಂಪು ಹಾಕಿ ಹೊಲಕ್ಕೆ ಹಾಯಿಸುವುದು ಅದರ ಉದ್ದೇಶವಲ್ಲ. ಬತ್ತಿದ್ದ ಕೊಳವೆಬಾವಿಗಳಿಗೆ ಮತ್ತೆ ನೀರು ಬಂದುದು ಈ ಯೋಜನೆಯ ಪ್ರಯೋಜನ. ಎರಡು ಹಂತಗಳ ಸಂಸ್ಕರಣೆಯು ಮುಖ್ಯವಾಗಿ ಸಾವಯವ ಕೊಳೆಯನ್ನು ತೆಗೆಯಲು ರೂಪಿಸಿದ್ದು, ಲೋಹಗಳನ್ನು ತೆಗೆಯಲೆಂದೇ ಅಲ್ಲ. ಕೈಗಾರಿಕೆಗಳ ನೀರು ಗೃಹಬಳಕೆಯ ಕೊಳಚೆಯೊಂದಿಗೆ ಬೆರೆತರೆ ಲೋಹದ ಒಂದು ಭಾಗ ಸಂಸ್ಕರಣಾ ಘಟಕದ ಕೆಸರಿನಲ್ಲಿ ನಿಲ್ಲುತ್ತದೆ, ಉಳಿದದ್ದು ನೀರಿನೊಂದಿಗೆ ಮುಂದೆ ಹೋಗುತ್ತದೆ.

ಕೆರೆಗೋಡು: ಬೇಸಿಗೆಯಲ್ಲಿ ಕೆರೆಯ ಗೋಡು ಮಣ್ಣನ್ನು ಗಾಡಿ, ಟ್ರ್ಯಾಕ್ಟರುಗಳಲ್ಲಿ ತಂದು ಹೊಲಕ್ಕೆ ಹರಡುವುದು ಈ ಸೀಮೆಯ ಹಳೆಯ ಒಳ್ಳೆಯ ಪದ್ಧತಿ. ನೀರಿನಲ್ಲಿ ತೇಲಿಬಂದ ಲೋಹಗಳು ಜೇಡಿಕಣಗಳಿಗೆ ಅಂಟಿಕೊಂಡು ಕೆರೆಯ ತಳದಲ್ಲಿ ಸಂಗ್ರಹವಾಗುತ್ತವೆ. ಆದ್ದರಿಂದ ಕೊಳಚೆ ನೀರು ಅಥವಾ ಗಣಿ ಹೂಳು ಸೇರುವ ಕೆರೆಯ ಗೋಡನ್ನು ಪರೀಕ್ಷೆಯಿಲ್ಲದೆ ಬಳಸಿದರೆ ಹಲವು ವರ್ಷಗಳ ಸಂಗ್ರಹ ಒಂದೇ ಬಾರಿಗೆ ಹೊಲ ಸೇರಬಹುದು.

ಕೃಷಿ ಸಾಮಗ್ರಿ: ಶಿಲಾರಂಜಕದಿಂದ ತಯಾರಿಸಿದ ಗೊಬ್ಬರಗಳಲ್ಲಿ ಸ್ವಾಭಾವಿಕವಾಗಿಯೇ ಸ್ವಲ್ಪ ಕ್ಯಾಡ್ಮಿಯಂ ಇರುತ್ತದೆ. ಬೋರ್ಡೋ ದ್ರಾವಣ ಮುಂತಾದ ಶಿಲೀಂಧ್ರನಾಶಕಗಳಲ್ಲಿ ತಾಮ್ರವಿದೆ. ಪಟ್ಟಣದ ಕಸದಿಂದ ತಯಾರಿಸಿದ ಗೊಬ್ಬರದಲ್ಲಿ ಬ್ಯಾಟರಿ, ಬಣ್ಣ, ವಿದ್ಯುನ್ಮಾನ ವಸ್ತುಗಳ ಚೂರು ಬೆರೆತಿದ್ದರೆ ಸೀಸ, ಕ್ಯಾಡ್ಮಿಯಂ ಎರಡೂ ಬರುತ್ತವೆ.

ರಸ್ತೆ ಮತ್ತು ಸಂತೆ: ಭಾರತದಲ್ಲಿ ೨೦೦೦ದಲ್ಲಿ ಸೀಸಯುಕ್ತ ಪೆಟ್ರೋಲ್ ಮಾರಾಟ ನಿಂತಿತು. ಅದಕ್ಕೆ ಮೊದಲು ಹೊಗೆಯೊಂದಿಗೆ ಬಿದ್ದ ಸೀಸ ಹೆದ್ದಾರಿಗಳ ಪಕ್ಕದ ಮೇಲ್ಮಣ್ಣಿನಲ್ಲಿ ಇನ್ನೂ ಉಳಿದಿದೆ. ರಸ್ತೆ ಬದಿಯಲ್ಲಿ ತೆರೆದಿಟ್ಟು ಮಾರುವ ಸೊಪ್ಪಿಗೆ ಆ ದೂಳು ಮತ್ತೆ ತಗುಲುತ್ತದೆ. ಆದರೆ ಇದು ಹೊರಮೈಗೆ ಅಂಟುವ ಮಾಲಿನ್ಯ. ತೊಳೆದರೆ ಬಹುಪಾಲು ಹೋಗುತ್ತದೆ.

ಸಸ್ಯದೊಳಗಿನ ಚಲನೆ

ಮಣ್ಣಿನಲ್ಲಿರುವ ಎಲ್ಲ ಲೋಹವನ್ನೂ ಸಸ್ಯ ಹೀರುವುದಿಲ್ಲ. ಮಣ್ಣಿನ ನೀರಿನಲ್ಲಿ ಕರಗಿರುವ ಭಾಗ ಮಾತ್ರ ಬೇರಿಗೆ ಸಿಗುತ್ತದೆ. ಬೆಳೆಯಲ್ಲಿರುವ ಲೋಹದ ಪ್ರಮಾಣವನ್ನು ಮಣ್ಣಿನಲ್ಲಿರುವ ಪ್ರಮಾಣದಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ವರ್ಗಾವಣೆ ಗುಣಾಂಕ ಎನ್ನುತ್ತಾರೆ. ಇದು ಲೋಹಕ್ಕೆ, ಬೆಳೆಗೆ ಮತ್ತು ಮಣ್ಣಿಗೆ ತಕ್ಕಂತೆ ಬದಲಾಗುತ್ತದೆ.

ಕ್ಯಾಡ್ಮಿಯಂ ಬೇರಿನಿಂದ ಎಲೆಗಳಿಗೆ ಸುಲಭವಾಗಿ ಏರುತ್ತದೆ. ಸತುವನ್ನು ಹೀರುವ ದಾರಿಯಲ್ಲೇ ಸಸ್ಯ ಅದನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಸೀಸ ಮತ್ತು ಕ್ರೋಮಿಯಂ ಬಹುಮಟ್ಟಿಗೆ ಬೇರಿನಲ್ಲಿಯೇ ನಿಲ್ಲುತ್ತವೆ. ಎಲೆಯ ಮೇಲಿನ ಸೀಸ ಹೆಚ್ಚಾಗಿ ದೂಳಿನಿಂದ ಬಂದದ್ದು. ಮಣ್ಣು ಆಮ್ಲೀಯವಾದಷ್ಟೂ ಕ್ಯಾಡ್ಮಿಯಂ, ಸತು, ನಿಕಲ್‌ಗಳ ಹೀರಿಕೆ ಹೆಚ್ಚು. ಸುಣ್ಣದ ಅಂಶ ಮತ್ತು ಸಾವಯವ ಅಂಶ ಹೆಚ್ಚಿದಷ್ಟೂ ಕಡಿಮೆ.

ಸಾಮಾನ್ಯವಾಗಿ ಪಾಲಕ್, ದಂಟು, ಮೆಂತ್ಯ, ಕೊತ್ತಂಬರಿ ಮುಂತಾದ ಸೊಪ್ಪುಗಳಲ್ಲಿ ಲೋಹದ ಸಂಗ್ರಹ ಹೆಚ್ಚು. ಅವುಗಳ ನಂತರ ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್‌ನಂತಹ ಗೆಡ್ಡೆಗಳು. ಟೊಮೆಟೊ, ಸೋರೆ, ಹೀರೆ, ಕುಂಬಳ ಮುಂತಾದ ಕಾಯಿಗಳಲ್ಲಿ ಕಡಿಮೆ. ಹಲವು ಬಾರಿ ಗಿಡ ಹುಲುಸಾಗಿಯೇ ಇರುತ್ತದೆ. ಗಿಡಕ್ಕೆ ತೊಂದರೆ ಕಾಣಿಸುವ ಮೊದಲೇ ಅದರಲ್ಲಿನ ಕ್ಯಾಡ್ಮಿಯಂ ಮನುಷ್ಯನ ಮಿತಿಯನ್ನು ದಾಟಿರಬಹುದು.

ಆರೋಗ್ಯದ ಮೇಲಿನ ಪರಿಣಾಮ

ತರಕಾರಿಯ ಮೂಲಕ ಬರುವ ಲೋಹ ಒಂದು ಊಟದಿಂದ ಕಾಯಿಲೆ ತರುವುದಿಲ್ಲ. ಅದು ವರ್ಷಗಟ್ಟಲೆ ದೇಹದಲ್ಲಿ ಕೂಡಿಕೊಳ್ಳುವುದರಿಂದ ತೊಂದರೆಯಾಗುತ್ತದೆ.

ಸೀಸ ಮುಖ್ಯವಾಗಿ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಕಲಿಕೆ, ಗಮನ ಮತ್ತು ಬುದ್ಧಿಶಕ್ತಿಯ ಮೇಲೆ ಪರಿಣಾಮ ಬೀರುತ್ತದೆ, ರಕ್ತಹೀನತೆ ಉಂಟುಮಾಡುತ್ತದೆ. ವಯಸ್ಕರಲ್ಲಿ ರಕ್ತದೊತ್ತಡ ಮತ್ತು ಮೂತ್ರಪಿಂಡದ ತೊಂದರೆ ಹೆಚ್ಚಿಸುತ್ತದೆ. ಸೀಸಕ್ಕೆ ಸುರಕ್ಷಿತ ಮಟ್ಟ ಎಂದು ಹೇಳಬಹುದಾದ ಪ್ರಮಾಣವಿಲ್ಲವೆಂಬ ಕಾರಣಕ್ಕೆ, ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ ೨೦೧೦ರಲ್ಲಿ ತನ್ನ ಹಳೆಯ ಸಹನೀಯ ಮಿತಿಯನ್ನು ಹಿಂತೆಗೆದುಕೊಂಡಿತು.

ಕ್ಯಾಡ್ಮಿಯಂ ಮೂತ್ರಪಿಂಡಗಳಲ್ಲಿ ಸೇರಿ, ಅರ್ಧದಷ್ಟು ಹೊರಹೋಗಲು ಹತ್ತರಿಂದ ಮೂವತ್ತು ವರ್ಷ ಹಿಡಿಯುತ್ತದೆ. ದೀರ್ಘಕಾಲದಲ್ಲಿ ಮೂಳೆಗಳನ್ನೂ ದುರ್ಬಲಗೊಳಿಸುತ್ತದೆ. ಆರ್ಸೆನಿಕ್ ಚರ್ಮದ ಬಣ್ಣ ಬದಲಾವಣೆ, ಅಂಗೈ ಅಂಗಾಲು ಒರಟಾಗುವುದು ಮತ್ತು ಕ್ಯಾನ್ಸರ್‌ಗೆ ಕಾರಣವಾಗುತ್ತದೆ. ಪಾದರಸ ನರಮಂಡಲವನ್ನು ಹಾಳುಮಾಡುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಿರುವ ದೇಹ ಸೀಸ ಮತ್ತು ಕ್ಯಾಡ್ಮಿಯಂಗಳನ್ನು ಹೆಚ್ಚಾಗಿ ಹೀರುತ್ತದೆ. ಹೀಗಾಗಿ ಬಡ ಕುಟುಂಬಗಳ ಮಕ್ಕಳು ಮತ್ತು ಗರ್ಭಿಣಿಯರಿಗೆ ಅದೇ ತರಕಾರಿಯಿಂದ ಉಂಟಾಗುವ ಹಾನಿ ಹೆಚ್ಚು.

ಮಿತಿಗಳು

ಭಾರತದಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, ೨೦೦೬ರ ಅಡಿಯಲ್ಲಿ ೨೦೧೧ರಲ್ಲಿ ಮಾಲಿನ್ಯಕಾರಕಗಳ ಕುರಿತ ನಿಯಮಾವಳಿ ಜಾರಿಗೆ ಬಂದಿದೆ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನಲ್ಲಿ ಪ್ರತಿ ಕಿಲೋಗ್ರಾಂ ತರಕಾರಿಗೆ ನಿಗದಿಯಾಗಿರುವ ಗರಿಷ್ಠ ಮಿತಿಗಳು ಹೀಗಿವೆ:

- ಸೊಪ್ಪುಗಳು: ಸೀಸ ೦.೩ ಮಿಲಿಗ್ರಾಂ, ಕ್ಯಾಡ್ಮಿಯಂ ೦.೨ ಮಿಲಿಗ್ರಾಂ
- ಬೇರು ಮತ್ತು ಗೆಡ್ಡೆಗಳು: ಸೀಸ ೦.೧ ಮಿಲಿಗ್ರಾಂ, ಕ್ಯಾಡ್ಮಿಯಂ ೦.೧ ಮಿಲಿಗ್ರಾಂ
- ಕಾಯಿ ತರಕಾರಿಗಳು: ಸೀಸ ೦.೦೫ ಮಿಲಿಗ್ರಾಂ, ಕ್ಯಾಡ್ಮಿಯಂ ೦.೦೫ ಮಿಲಿಗ್ರಾಂ

ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಪ್ರತಿ ಲೀಟರಿಗೆ ಸೀಸ ೦.೦೧, ಆರ್ಸೆನಿಕ್ ೦.೦೧, ಕ್ಯಾಡ್ಮಿಯಂ ೦.೦೦೩ ಮಿಲಿಗ್ರಾಂ.

ಪರೀಕ್ಷೆ ಮತ್ತು ಅಂಕಿ-ಅಂಶಗಳನ್ನು ಓದುವ ಕ್ರಮ

ತರಕಾರಿಯ ಮಾದರಿಯನ್ನು ತೊಳೆದು, ಒಣಗಿಸಿ, ಪುಡಿಮಾಡಿ, ಪ್ರಬಲ ಆಮ್ಲದಲ್ಲಿ ಕರಗಿಸುತ್ತಾರೆ. ಆ ದ್ರಾವಣವನ್ನು ಪರಮಾಣು ಹೀರಿಕೆಯ ರೋಹಿತಮಾಪಕ ಅಥವಾ ಪ್ಲಾಸ್ಮಾ ಆಧಾರಿತ ಉಪಕರಣದಲ್ಲಿ ಅಳೆಯುತ್ತಾರೆ. ಮನೆಯಲ್ಲಿ ಅಥವಾ ಸಂತೆಯಲ್ಲಿ ಮಾಡಬಹುದಾದ ನಂಬಿಕಾರ್ಹ ಪರೀಕ್ಷೆ ಇಲ್ಲ.

ವರದಿಗಳನ್ನು ಓದುವ ವಿದ್ಯಾರ್ಥಿಗಳು ಮೂರು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು, ಅಂಕಿಗಳು ಹಸಿ ತೂಕದ್ದೋ ಒಣ ತೂಕದ್ದೋ ಎಂಬುದು. ಸೊಪ್ಪಿನಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರಿರುವುದರಿಂದ ಒಣ ತೂಕದ ಲೆಕ್ಕದಲ್ಲಿ ಅದೇ ಲೋಹ ಸುಮಾರು ಹತ್ತು ಪಟ್ಟಾಗಿ ಕಾಣುತ್ತದೆ. ಮೇಲೆ ಹೇಳಿದ ಮಿತಿಗಳು ಹಸಿ ತೂಕಕ್ಕೆ ಸಂಬಂಧಿಸಿದವು. ಎರಡನೆಯದು, ಮಾದರಿಯನ್ನು ತೊಳೆದು ಪರೀಕ್ಷಿಸಿದರೋ ತೊಳೆಯದೆಯೋ ಎಂಬುದು. ಮೂರನೆಯದು, ಮಾದರಿ ಎಲ್ಲಿ ಬೆಳೆದದ್ದು ಎಂಬುದು. ಮಾರುಕಟ್ಟೆಯಲ್ಲಿ ಕೊಂಡ ಮಾದರಿ ಹಲವು ಊರುಗಳಿಂದ ಬಂದಿರಬಹುದಾದ್ದರಿಂದ ಮಾಲಿನ್ಯವಿದೆ ಎಂಬುದನ್ನು ತಿಳಿಸುತ್ತದೆ. ಅದರ ಮೂಲವನ್ನು ತಿಳಿಸುವುದಿಲ್ಲ. ಮೂಲ ತಿಳಿಯಲು ಒಂದೇ ಹೊಲದ ಮಣ್ಣು, ನೀರು, ಬೆಳೆ ಮೂರನ್ನೂ ಒಟ್ಟಿಗೆ ಪರೀಕ್ಷಿಸಬೇಕು.

ಹೋಲಿಕೆಗೆ ಒದಗುವ ಪ್ರಕರಣಗಳು

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೀರಿನಿಂದ ಬೆಳೆದ ಬೆಳೆ ಮತ್ತು ಅಲ್ಲಿನ ಮಣ್ಣಿನ ಮೇಲೆ ಎಚ್. ಲೋಕೇಶ್ವರಿ ಮತ್ತು ಜಿ.ಟಿ. ಚಂದ್ರಪ್ಪ ಅವರು ನಡೆಸಿದ ಅಧ್ಯಯನ ೨೦೦೬ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೊಳಚೆ ನೀರಿನ ದೀರ್ಘಕಾಲದ ಬಳಕೆಯಿಂದ ಲೋಹಗಳು ಮಣ್ಣಿನಲ್ಲಿ ಸೇರಿ ಬೆಳೆಗೂ ಬರುತ್ತವೆ ಎಂಬುದನ್ನು ಅದು ತೋರಿಸಿತು.

೨೦೨೩ರಲ್ಲಿ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆಯು (ಎಂಪ್ರಿ) ಬೆಂಗಳೂರಿನ ೨೦ ಮಳಿಗೆಗಳಿಂದ ಹತ್ತು ಬಗೆಯ ತರಕಾರಿಗಳ ೪೦೦ ಮಾದರಿಗಳನ್ನು ಪರೀಕ್ಷಿಸಿದ ವರದಿ ಸುದ್ದಿಯಾಯಿತು. ಕಬ್ಬಿಣ, ಕ್ಯಾಡ್ಮಿಯಂ, ಸೀಸ, ನಿಕಲ್‌ಗಳು ಕೆಲವು ಮಾದರಿಗಳಲ್ಲಿ ಮಿತಿ ಮೀರಿದ್ದವು. ಸೂಪರ್ ಮಾರುಕಟ್ಟೆ, ಸಾವಯವ ಮಳಿಗೆಗಳ ತರಕಾರಿಯೂ ಈ ಪರೀಕ್ಷೆಯಲ್ಲಿ ಸೇರಿತ್ತು. ಪತ್ರಿಕಾ ವರದಿಯನ್ನು ಆಧರಿಸಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಬೆಂಗಳೂರಿಗೆ ತರಕಾರಿ ಒದಗಿಸುವ ಜಿಲ್ಲೆಗಳಲ್ಲಿ ಕೋಲಾರವೂ ಒಂದಾಗಿರುವುದರಿಂದ ಈ ವರದಿ ಇಲ್ಲಿನ ರೈತರಿಗೂ ಸಂಬಂಧಿಸಿದ್ದು.

ಚಿನ್ನದ ಗಣಿ ಮತ್ತು ಆರ್ಸೆನಿಕ್‌ಗಳ ನಂಟಿಗೆ ಕರ್ನಾಟಕದಲ್ಲಿಯೇ ಉದಾಹರಣೆಯಿದೆ. ಯಾದಗಿರಿ ಜಿಲ್ಲೆಯ ಮಂಗಳೂರು ಶಿಲಾಪಟ್ಟಿಯ ಹಳೆಯ ಚಿನ್ನದ ಗಣಿಯ ಬಳಿಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮದ ಮೇಲೆ ಗಾಯಗಳಾಗಿದ್ದುದನ್ನು ೨೦೧೩ರಲ್ಲಿ ಪ್ರಕಟವಾದ ಸಂಶೋಧನೆ ದಾಖಲಿಸಿದೆ.

ಗಣಿಯ ಲೋಹ ಬೆಳೆಯ ಮೂಲಕ ಜನರನ್ನು ತಲುಪಿದ ಅತ್ಯಂತ ಪ್ರಸಿದ್ಧ ಪ್ರಕರಣ ಜಪಾನಿನದು. ಕಾಮಿಯೋಕಾ ಗಣಿಯಿಂದ ಜಿಂಜೂ ನದಿಗೆ ಸೇರಿದ ಕ್ಯಾಡ್ಮಿಯಂ ತೊಯಾಮ ಪ್ರಾಂತದ ಭತ್ತದ ಗದ್ದೆಗಳನ್ನು ಸೇರಿ, ಮೂಳೆ ಮುರಿಯುವ ಅಸಹನೀಯ ನೋವಿನ ‘ಇತಾಯಿ-ಇತಾಯಿ’ ಕಾಯಿಲೆಗೆ ಕಾರಣವಾಯಿತು. ೧೯೬೮ರಲ್ಲಿ ಜಪಾನ್ ಸರ್ಕಾರ ಇದನ್ನು ಮಾಲಿನ್ಯಜನ್ಯ ರೋಗವೆಂದು ಒಪ್ಪಿಕೊಂಡಿತು. ಮುಂದೆ ಆ ಗದ್ದೆಗಳ ಮೇಲ್ಮಣ್ಣನ್ನು ಬದಲಿಸಿ ಸರಿಪಡಿಸಲು ದಶಕಗಳೇ ಹಿಡಿದವು.

ತಡೆ ಮತ್ತು ಪರಿಹಾರ

ಹೊಲದಲ್ಲಿ: ದಿಬ್ಬಗಳಿಂದ ನೀರು ಹರಿದುಬರುವ ದಾರಿಯಲ್ಲಿರುವ ಹೊಲಗಳು ಮತ್ತು ಕೊಳಚೆ ನೀರು ಬಳಸುವ ಹೊಲಗಳ ಮಣ್ಣನ್ನು ಲೋಹಗಳಿಗಾಗಿ ಪರೀಕ್ಷಿಸುವುದು ಮೊದಲ ಹೆಜ್ಜೆ. ಸಾಮಾನ್ಯ ಮಣ್ಣು ಆರೋಗ್ಯ ಚೀಟಿಯಲ್ಲಿ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್‌ಗಳು ಪೋಷಕಾಂಶಗಳಾಗಿ ನಮೂದಾಗುತ್ತವೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್‌ಗಳಿಗೆ ಪ್ರತ್ಯೇಕ ಪರೀಕ್ಷೆ ಬೇಕು. ಆಮ್ಲೀಯ ಮಣ್ಣಿಗೆ ಸುಣ್ಣ ಹಾಕುವುದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹೆಚ್ಚಿಸುವುದು ಕ್ಯಾಡ್ಮಿಯಂ ಹೀರಿಕೆಯನ್ನು ತಗ್ಗಿಸುತ್ತವೆ. ಆರ್ಸೆನಿಕ್ ಇರುವಲ್ಲಿ ಮಾತ್ರ ಸುಣ್ಣವನ್ನು ವಿಚಾರಿಸಿ ಬಳಸಬೇಕು, ಏಕೆಂದರೆ ಅದರ ಚಲನೆ ಹೆಚ್ಚಬಹುದು. ಸಂದೇಹವಿರುವ ನೆಲದಲ್ಲಿ ಸೊಪ್ಪು, ಗೆಡ್ಡೆಗಳ ಬದಲು ಕಾಯಿ ತರಕಾರಿಗಳನ್ನು, ಮಾಲಿನ್ಯ ಹೆಚ್ಚಿದ್ದರೆ ಚೆಂಡುಹೂವಿನಂತಹ ಆಹಾರೇತರ ಬೆಳೆಗಳನ್ನು ಆರಿಸಿಕೊಳ್ಳಬಹುದು. ಸಾಸಿವೆ ಜಾತಿಯ ಕೆಲವು ಸಸ್ಯಗಳು ಮತ್ತು ಆರ್ಸೆನಿಕ್ ಹೀರುವ ಜರೀಗಿಡ ಮಣ್ಣಿನಿಂದ ಲೋಹ ತೆಗೆಯಲು ನೆರವಾಗುತ್ತವೆ. ಇದು ನಿಧಾನದ ವಿಧಾನ. ಹಾಗೆ ಬೆಳೆದ ಗಿಡವನ್ನು ದನಕರುಗಳಿಗೆ ಹಾಕಬಾರದು, ಗೊಬ್ಬರವನ್ನೂ ಮಾಡಬಾರದು.

ದಿಬ್ಬಗಳಲ್ಲಿ: ದಿಬ್ಬಗಳ ಮೇಲೆ ಮಣ್ಣು ಹೊದಿಸಿ ಹುಲ್ಲು, ಗಿಡಗಳನ್ನು ಬೆಳೆಸುವುದು ದೂಳನ್ನೂ ಕೊರಕಲನ್ನೂ ಒಟ್ಟಿಗೆ ತಡೆಯುತ್ತದೆ. ಬುಡದಲ್ಲಿ ತಡೆಗೋಡೆ ಮತ್ತು ಹೂಳು ನಿಲ್ಲಿಸುವ ಹೊಂ‍ಡಗಳು ಹೊಲಗಳನ್ನು ಕಾಯುತ್ತವೆ. ದಿಬ್ಬಗಳನ್ನು ಮತ್ತೆ ಅಗೆದು ಚಿನ್ನ ತೆಗೆಯುವ ಕೆಲಸ ನಡೆದಾಗ ಗಟ್ಟಿಯಾಗಿ ಕೂತ ಹೂಳು ಪುನಃ ಸಡಿಲವಾಗುತ್ತದೆ. ಆ ಅವಧಿಯಲ್ಲಿ ದೂಳಿನ ನಿಯಂತ್ರಣ ಮತ್ತು ಕೆಲಸ ಮುಗಿದ ಮೇಲೆ ಉಳಿಯುವ ತ್ಯಾಜ್ಯದ ಸುರಕ್ಷಿತ ವ್ಯವಸ್ಥೆ ಎರಡೂ ಅಗತ್ಯ.

ಅಡುಗೆಮನೆಯಲ್ಲಿ: ಸೊಪ್ಪನ್ನು ಬಿಡಿಸಿ, ದೊಡ್ಡ ಪಾತ್ರೆಯ ನೀರಿನಲ್ಲಿ ಎರಡು ಮೂರು ಬಾರಿ ಅದ್ದಿ ತೊಳೆದರೆ ಮಣ್ಣು ಮತ್ತು ದೂಳಿನೊಂದಿಗೆ ಅಂಟಿದ ಸೀಸದ ಹೆಚ್ಚಿನ ಭಾಗ ಹೋಗುತ್ತದೆ. ಎಲೆಕೋಸಿನ ಹೊರಗಿನ ಎಲೆಗಳನ್ನು ತೆಗೆಯುವುದು, ಗೆಡ್ಡೆಗಳ ಸಿಪ್ಪೆ ಹೆರೆಯುವುದು ಉಪಯುಕ್ತ. ಸಸ್ಯದೊಳಗೆ ಸೇರಿದ ಲೋಹ ಉಪ್ಪುನೀರು, ಅರಿಶಿನ, ಹುಣಿಸೆ ಯಾವುದರಿಂದಲೂ ಪೂರ್ಣವಾಗಿ ಹೋಗುವುದಿಲ್ಲ. ಬೇಯಿಸಿದರೆ ನಾಶವಾಗುವುದೂ ಇಲ್ಲ. ಬೇಯಿಸಿದಾಗ ಲೋಹದ ಸ್ವಲ್ಪ ಭಾಗ ನೀರಿಗೆ ಇಳಿಯಬಹುದು. ಆದರೆ ಸೊಪ್ಪು ಬಸಿದ ಕಟ್ಟಿನಿಂದಲೇ ಬಸ್ಸಾರು ಮಾಡುವ ಈ ಸೀಮೆಯಲ್ಲಿ ಆ ಭಾಗವೂ ಊಟದೊಂದಿಗೆ ಮರಳಿ ಬರುತ್ತದೆ. ಆದ್ದರಿಂದ ತೊಳೆಯುವ ಕೆಲಸ ಬೇಯಿಸುವ ಮೊದಲೇ ಆಗಬೇಕು.

ಭಯದಿಂದ ತರಕಾರಿ ತಿನ್ನುವುದನ್ನು ಬಿಡುವುದು ಪರಿಹಾರವಲ್ಲ. ಸೊಪ್ಪಿನ ಕಬ್ಬಿಣ ಮತ್ತು ಕ್ಯಾಲ್ಸಿಯಂ ಕಡಿಮೆಯಾದರೆ ದೇಹ ಸೀಸವನ್ನು ಇನ್ನಷ್ಟು ಹೀರುತ್ತದೆ. ಒಂದೇ ಸೊಪ್ಪನ್ನು, ಒಂದೇ ಕಡೆಯಿಂದ, ದಿನವೂ ಕೊಳ್ಳುವ ಬದಲು ಬಗೆಬಗೆಯ ಸೊಪ್ಪು, ಕಾಯಿ, ಕಾಳುಗಳನ್ನು ಬದಲಾಯಿಸಿ ಬಳಸುವುದು ಉತ್ತಮ.

ಆಡಳಿತದಲ್ಲಿ: ಆಹಾರ ಸುರಕ್ಷತಾ ಅಧಿಕಾರಿಗಳು ಮಾರುಕಟ್ಟೆಯಲ್ಲಿ ಮಾದರಿ ಸಂಗ್ರಹಿಸಬಲ್ಲರು, ನೀರು ಮತ್ತು ಕೈಗಾರಿಕಾ ವಿಸರ್ಜನೆಯ ಮೇಲ್ವಿಚಾರಣೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು, ಮಣ್ಣು ಮತ್ತು ಬೆಳೆ ಕೃಷಿ, ತೋಟಗಾರಿಕೆ ಇಲಾಖೆಗಳ ವ್ಯಾಪ್ತಿಗೆ ಬರುತ್ತವೆ. ಒಂದೇ ಹೊಲದ ಮಣ್ಣು, ನೀರು, ಬೆಳೆಯ ಫಲಿತಾಂಶಗಳು ಮೂರು ಕಡತಗಳಲ್ಲಿ ಹಂಚಿಹೋದರೆ ಮಾಲಿನ್ಯದ ಮೂಲ ಸಿಗುವುದಿಲ್ಲ. ಗ್ರಾಮವಾರು ಫಲಿತಾಂಶಗಳು ಒಟ್ಟಾಗಿ ಸಾರ್ವಜನಿಕರಿಗೆ ದೊರೆತಾಗ ಮಾತ್ರ ಶುದ್ಧವಾದ ನೆಲದಲ್ಲಿ ಬೆಳೆಯುವ ಬಹುಸಂಖ್ಯೆಯ ರೈತರಿಗೆ ವದಂತಿಯಿಂದ ಆಗುವ ನಷ್ಟ ತಪ್ಪುತ್ತದೆ, ಮಲಿನ ನೆಲದಲ್ಲಿ ಬೆಳೆಯುವವರಿಗೆ ಬೇರೆ ಬೆಳೆಗೆ ಹೊರಳಲು ನೆರವು ಕೇಳುವ ಆಧಾರ ಸಿಗುತ್ತದೆ.